ಕಾಣುವುದು ಯಾರ ಕೆಲಸ?

ಪುಣೆಯಿಂದ ಅಹ್ಮದನಗರದ ಕಡೆಗೆ, ಅಂದರೆ ಈಗಿನ ಅಹಿಲ್ಯಾನಗರದ ಕಡೆಗೆ, ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಇದು ಮಹಾಗಣಪತಿಯ ಊರು. ಬಯೋಡೇಟಾ ಹಿಡಿದು ಬಂದವರಿಗೆ ಇದು ಎಂಐಡಿಸಿ. ಎಲ್‌ಜಿ, ವರ್ಲ್‌ಪೂಲ್, ಹೈಯರ್, ಫಿಯೆಟ್ ಮತ್ತು ಟಾಟಾ ಸೇರಿ ನಡೆಸುವ ಕಾರಿನ ಕಾರ್ಖಾನೆ, ಇವಕ್ಕೆಲ್ಲ ಬಿಡಿಭಾಗ ಮಾಡಿಕೊಡುವ ಸಣ್ಣಪುಟ್ಟ ಶೆಡ್ಡುಗಳು. ನನ್ನ ಪಾಲಿಗೆ ಇದು ಅನುವಾದದ ಕೆಲಸ ಸಿಗುವ ಊರು. ಇಲ್ಲಿಯ ಕೆಲವು ಕಂಪನಿಗಳಿಗೆ ಕರ್ನಾಟಕದಲ್ಲೂ ಘಟಕಗಳಿವೆ. ಸುರಕ್ಷತೆಯ ಸೂಚನೆ, ತರಬೇತಿಯ ಕೈಪಿಡಿ, ರಜೆಯ ನಿಯಮ ಇವೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ, ಕನ್ನಡದಲ್ಲಿ ಹೋಗುತ್ತವೆ.

ಹೀಗೆ ಬಂದ ಒಂದು ಕೈಪಿಡಿ ಸೂಪರ್‌ವೈಸರುಗಳಿಗಾಗಿ ಬರೆದದ್ದು. ಕೆಳಗಿನವರ ಕೆಲಸಕ್ಕೆ ಹೇಗೆ ಅಂಕ ಕೊಡಬೇಕು ಎಂಬುದು ವಿಷಯ. ಹಾಜರಿ, ಗುಣಮಟ್ಟ, ಸುರಕ್ಷತೆ ಇವುಗಳ ಕೆಳಗೆ ಇನ್ನೊಂದು ಕಲಮು ಇತ್ತು: ವಿಸಿಬಿಲಿಟಿ. ಅದಕ್ಕೆ ಉದಾಹರಣೆಯಾಗಿ ಒಂದು ಷರಾ ಇತ್ತು. ಕೆಲಸ ಒಳ್ಳೆಯದು, ಆದರೆ ಇಂಟ್ರೋವರ್ಟ್, ಮೀಟಿಂಗಿನಲ್ಲಿ ಮಾತಾಡುವುದಿಲ್ಲ, ವಿಸಿಬಿಲಿಟಿ ಹೆಚ್ಚಿಸಿಕೊಳ್ಳಬೇಕು. ಇಂಥ ಸಾಲು ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಹೊಸದಲ್ಲ. ನಿಮ್ಮಲ್ಲೂ ಕೆಲವರು ಪ್ರತಿ ಮಾರ್ಚಿನಲ್ಲಿ ಇದನ್ನು ಓದಿಕೊಂಡು ಮನೆಗೆ ಬಂದಿರಬಹುದು. ನನಗೆ ಅದು ಮೊದಲು ಬರೀ ಅನುವಾದದ ತೊಡಕಾಗಿ ಎದುರಾಯಿತು. ವಿಸಿಬಿಲಿಟಿಗೆ ಕನ್ನಡದಲ್ಲಿ ಏನನ್ನೋಣ?

ನಿಘಂಟಿನಲ್ಲಿ 'ಗೋಚರತೆ' ಇದೆ. ಅದನ್ನು ಮಂಜಿನ ದಿನ ವಿಮಾನ ನಿಲ್ದಾಣದವರು ಬಳಸಲಿ. ಮನುಷ್ಯರ ಬಗ್ಗೆ ಹೇಳುವಾಗ ನಮ್ಮ ಬಾಯಿಗೆ ಬರುವುದು 'ಕಾಣು' ಎಂಬ ಕ್ರಿಯಾಪದ. ಇದು ಎರಡೂ ಕಡೆಯಿಂದ ಕೆಲಸ ಮಾಡುವ ಪದ. 'ನಾನು ಅವನನ್ನು ಕಂಡೆ' ಎಂದರೆ ನೋಡುವ ಕೆಲಸ ನನ್ನದು. 'ನನಗೆ ಗುಡಿಯ ಶಿಖರ ಕಾಣುತ್ತದೆ' ಎಂದರೆ ಶಿಖರ ತನ್ನಷ್ಟಕ್ಕೆ ಅಲ್ಲಿದೆ, ನನ್ನ ಕಣ್ಣಿಗೆ ಬೀಳುತ್ತಿದೆ. ಒಂದೇ ಧಾತು ನೋಡುವವರನ್ನೂ ನೋಡಿಸಿಕೊಳ್ಳುವವರನ್ನೂ ಒಟ್ಟಿಗೆ ಹಿಡಿದುಕೊಂಡಿದೆ. ಆದರೆ ಕೈಪಿಡಿ ಕೇಳುತ್ತಿದ್ದುದು ಇದನ್ನಲ್ಲ. ಅದು ಕೇಳುತ್ತಿದ್ದುದು 'ಕಾಣಿಸಿಕೊಳ್ಳು' ಎಂಬುದನ್ನು. 'ಕಾಣು'ವಿಗೆ ಒಂದು 'ಇಸು' ಸೇರಿ, ಅದರ ಮೇಲೆ ಒಂದು 'ಕೊಳ್ಳು' ಕೂತಿದೆ. ನೋಡುವವರು ಕುರ್ಚಿಯಲ್ಲಿ ಆರಾಮಾಗಿ ಕೂತಿರಬಹುದು, ಅವರ ಕಣ್ಣಿಗೆ ಬೀಳುವ ಕೆಲಸವನ್ನೂ ಕೆಲಸಗಾರನೇ ಮಾಡಿಕೊಳ್ಳಬೇಕು.

ನಮ್ಮ ದಿನಪತ್ರಿಕೆಗಳಲ್ಲಿ ಏನೇನು 'ಕಾಣಿಸಿಕೊಳ್ಳುತ್ತದೆ' ಎಂದು ಒಮ್ಮೆ ಗಮನಿಸಿ. ಚಿರತೆ ಕಾಣಿಸಿಕೊಂಡಿತು. ಡೆಂಗಿ ಕಾಣಿಸಿಕೊಂಡಿತು. ಗೋದಾಮಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಣೆಕಟ್ಟಿನಲ್ಲಿ ಬಿರುಕು ಕಾಣಿಸಿಕೊಂಡಿತು. ಬೆಂಕಿ ಹತ್ತದ ಹಾಗೆ ಪ್ರತಿದಿನ ವೈರು ಪರೀಕ್ಷಿಸಿದವನು ಯಾವ ಸುದ್ದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಕಾರ್ಖಾನೆಯ ಲೈನಿನಲ್ಲೂ ಇದೇ ಲೆಕ್ಕ. ಯಂತ್ರ ಕೆಟ್ಟಾಗ ಓಡಿ ಬಂದು ಗದ್ದಲ ಮಾಡಿ ಸರಿಪಡಿಸಿದವನು ಎಲ್ಲರಿಗೂ ನೆನಪಿರುತ್ತಾನೆ. ಕೆಡದ ಹಾಗೆ ನೋಡಿಕೊಂಡವನ ಪಾಳಿಯಲ್ಲಿ ನೆನಪಿಡುವಂಥದ್ದೇನೂ ನಡೆದಿರುವುದೇ ಇಲ್ಲ.

ಇನ್ನು 'ಇಂಟ್ರೋವರ್ಟ್'. ಈ ಮಾತಿಗೆ ಇವತ್ತಿನ ಅರ್ಥ ಕೊಟ್ಟು ಹಬ್ಬಿಸಿದವನು ಕಾರ್ಲ್ ಯೂಂಗ್, 1921ರ ತನ್ನ ಪುಸ್ತಕದಲ್ಲಿ. ಮನಸ್ಸಿನ ಶಕ್ತಿ ಹೊರಗಿನ ಜಗತ್ತಿನ ಕಡೆ ಹರಿಯುತ್ತದೋ ಒಳಗಿನ ಕಡೆಯೋ ಎಂಬುದು ಅವನ ವಿಂಗಡಣೆ. ಅದರಲ್ಲಿ ಒಂದು ಮೇಲು ಇನ್ನೊಂದು ಕೀಳು ಎಂಬ ಮಾತಿರಲಿಲ್ಲ. ನಾವು ಅದನ್ನು 'ಅಂತರ್ಮುಖಿ' ಎಂದು ಕನ್ನಡಕ್ಕೆ ತಂದುಕೊಂಡೆವು. ತಮಾಷೆಯೆಂದರೆ ನಮ್ಮ ಅಧ್ಯಾತ್ಮದ ಭಾಷೆಯಲ್ಲಿ ಅಂತರ್ಮುಖವಾಗುವುದು ಸಾಧನೆಯ ಮೆಟ್ಟಿಲು, ಹೊಗಳಿಕೆಯ ಮಾತು. ಅದೇ ಪದ ಅಪ್ರೈಸಲ್ ಫಾರಮಿಗೆ ಬರುವಷ್ಟರಲ್ಲಿ ತಿದ್ದಿಕೊಳ್ಳಬೇಕಾದ ದೋಷವಾಗಿದೆ. 2012ರಲ್ಲಿ ಸೂಸನ್ ಕೇನ್ ಅವರ 'ಕ್ವಾಯೆಟ್' ಬಂದ ಮೇಲೆ ಮೌನಿಗಳ ಪರವಾಗಿ ಜಗತ್ತಿನಾದ್ಯಂತ ಮಾತು ಎದ್ದಿತು, ಒಳ್ಳೆಯದೇ ಆಯಿತು. ಆದರೆ ಆ ಮಾತಿನಲ್ಲೂ ಮೌನ ಎಂಬುದು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಸ್ವಭಾವವಾಗಿಯೇ ಉಳಿಯಿತು. ನನ್ನ ವಾದ ಇರುವುದು ಇಲ್ಲಿ. ಕೆಲಸದ ಜಾಗದಲ್ಲಿ ನಾವು ಸ್ವಭಾವ ಎಂದು ಬರೆದುಕೊಳ್ಳುವ ಮೌನದಲ್ಲಿ ದೊಡ್ಡ ಪಾಲು ಆ ಕೋಣೆಯ ನಿಯಮಗಳಿಂದ ಹುಟ್ಟಿದ್ದು. ಮನುಷ್ಯನನ್ನು ತಿದ್ದುವ ಮೊದಲು ಕೋಣೆಯನ್ನು ತಿದ್ದಬೇಕು.

ರಾಂಜಣಗಾಂವದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಲಬುರಗಿ, ಬೀದರ್, ವಿಜಯಪುರದಿಂದ, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಯ ಕನ್ನಡದ ಮನೆಗಳಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಪುಣೆಯ ಸುತ್ತಲಿನ ಕಾರ್ಖಾನೆಗಳಿಗೆ ಬರುತ್ತಾರೆ. ಟ್ರೇನಿ ಎಂದೋ ಕಾಂಟ್ರಾಕ್ಟ್ ಎಂದೋ ಸೇರುತ್ತಾರೆ. ನಾಲ್ಕೈದು ಜನ ಒಂದು ಕೋಣೆ ಮಾಡಿಕೊಂಡು ಇರುತ್ತಾರೆ. ಸಂಜೆ ಆ ಕೋಣೆಯ ಹತ್ತಿರ ಹಾದುಹೋದರೆ ಯಾರು ಅಂತರ್ಮುಖಿ ಎಂದು ಹೇಳುವುದು ಕಷ್ಟ. ಅದೇ ಹುಡುಗರು ಬೆಳಗಿನ ಶಿಫ್ಟ್ ಮೀಟಿಂಗಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಾರೆ. ಅಲ್ಲಿ ಮಾತು ಮರಾಠಿಯಲ್ಲಿ ಶುರುವಾಗುತ್ತದೆ, ಉತ್ತರದ ಕಡೆಯವರು ಇದ್ದಾರೆಂದು ಹಿಂದಿಗೆ ಹೊರಳುತ್ತದೆ, ಅಂಕಿಸಂಖ್ಯೆ ಬಂದಾಗ ಇಂಗ್ಲಿಷಾಗುತ್ತದೆ. ಅಫಜಲಪುರ ಕಡೆಯ ಒಬ್ಬ ಹುಡುಗ ಒಮ್ಮೆ ನನಗೆ ಹೇಳಿದ: "ಮಾತು ಬರಲ್ಲಂತ ಅಲ್ಲಕ್ಕಾ. ನಾ ಹಿಂದ್ಯಾಗ ಕೂಡ್ಸೋದ್ರಾಗ ಅವ್ರು ಮುಂದಿನ ಮಾತಿಗೆ ಹೋಗಿರ್ತಾರ."

ಅವನು ಹೇಳಿದ್ದನ್ನು ಭಾಷಾವಿಜ್ಞಾನದಲ್ಲಿ ಅಳತೆ ಮಾಡಿದ್ದಾರೆ. 1974ರಲ್ಲಿ ಹಾರ್ವೆ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಎಂಬ ಮೂವರು ಸಂಭಾಷಣೆಯಲ್ಲಿ ಸರದಿ ಹೇಗೆ ಕೈ ಬದಲಾಗುತ್ತದೆ ಎಂದು ಒಂದು ಪ್ರಬಂಧ ಬರೆದರು. ಭಾಷಾವಿಜ್ಞಾನ ಓದಿದ ಎಲ್ಲರೂ ಒಮ್ಮೆಯಾದರೂ ಓದಿರುವ ಪ್ರಬಂಧ ಅದು. ಅವರು ಗುರುತಿಸಿದ ನಿಯಮ ಸರಳ. ಮಾತಾಡುತ್ತಿರುವವರು ಮುಂದಿನವರನ್ನು ಹೆಸರು ಹಿಡಿದೋ ಕಣ್ಣಿನಲ್ಲೋ ಆರಿಸಿದರೆ ಸರದಿ ಅವರದು. ಆರಿಸದಿದ್ದರೆ ಯಾರು ಮೊದಲು ಬಾಯಿ ತೆರೆಯುತ್ತಾರೋ ಅವರದು. ಅಂದರೆ ಯಾರನ್ನೂ ಹೆಸರಿಸದ ಮೀಟಿಂಗು ಒಂದು ಓಟದ ಪಂದ್ಯ. ಅದರಲ್ಲಿ ಗೆಲ್ಲುವುದು ಹೆಚ್ಚು ತಿಳಿದವರಲ್ಲ, ಬೇಗ ಶುರುಮಾಡಿದವರು.

ಆ ಓಟ ಎಷ್ಟು ಬಿರುಸಿನದು? 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ ಹತ್ತು ಭಾಷೆಗಳಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಅಳೆಯಿತು. ಸರಾಸರಿ ಬಂದದ್ದು ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಜಪಾನಿ ಭಾಷೆಯಲ್ಲಿ ಇನ್ನೂ ಕಡಿಮೆ, ಡೇನಿಷ್‌ನಲ್ಲಿ ಹೆಚ್ಚು, ಆದರೂ ಅರ್ಧ ಸೆಕೆಂಡಿನೊಳಗೇ. ಇತ್ತ ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳುವುದಕ್ಕೇ ಮನುಷ್ಯನ ಮೆದುಳಿಗೆ ಸುಮಾರು 600 ಮಿಲಿಸೆಕೆಂಡ್ ಬೇಕು, ಅದೂ ಸ್ವಂತ ಭಾಷೆಯಲ್ಲಿ. ಹಾಗಾದರೆ ನಾವು ಅಷ್ಟು ಬೇಗ ಹೇಗೆ ಉತ್ತರಿಸುತ್ತೇವೆ? ಎದುರಿನವರ ಮಾತು ಮುಗಿಯುವ ಮೊದಲೇ ಅದು ಎಲ್ಲಿ ಮುಗಿಯುತ್ತದೆಂದು ಊಹಿಸಿ ನಮ್ಮ ಮಾತು ಕಟ್ಟಿಕೊಳ್ಳಲು ಶುರುಮಾಡಿರುತ್ತೇವೆ. ಅರ್ಧ ಕಲಿತ ಭಾಷೆಯಲ್ಲಿ ಈ ಊಹೆ ಕೈಕೊಡುತ್ತದೆ. ಯೋಚಿಸಿ ಮಾತಾಡುವ ಸ್ವಭಾವದವರಿಗೆ ಸ್ವಂತ ಭಾಷೆಯಲ್ಲೂ ಕೈಕೊಡುತ್ತದೆ, ಏಕೆಂದರೆ ಅವರು ಪೂರ್ತಿ ಕೇಳಿಸಿಕೊಂಡ ಮೇಲೆ ಯೋಚಿಸಲು ತೊಡಗುತ್ತಾರೆ. ಭಾಷೆ ಬಾರದವನೂ ಮಿತಭಾಷಿಯೂ ಸೋಲುವುದು ಒಂದೇ ಅರ್ಧ ಸೆಕೆಂಡಿನಲ್ಲಿ. ಫಾರಮಿನಲ್ಲಿ ಇಬ್ಬರಿಗೂ ಒಂದೇ ಷರಾ ಬೀಳುತ್ತದೆ.

ಭಾಷೆಯ ವಿಷಯಕ್ಕೆ ಕಾನೂನು ಕಣ್ಣು ಮುಚ್ಚಿಕೊಂಡಿರಲಿಲ್ಲ ಎಂಬುದನ್ನೂ ಹೇಳಬೇಕು. ದಶಕಗಳ ಕಾಲ ನಮ್ಮ ಕಾರ್ಖಾನೆಗಳನ್ನು ಆಳಿದ 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಗೋಡೆಗೆ ಹಾಕುವ ಸೂಚನೆಗಳು ಇಂಗ್ಲಿಷಿನಲ್ಲೂ, ಅಲ್ಲಿನ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕಿತ್ತು. ಕಂಪನಿಯ ಮಾತು ಕೆಲಸಗಾರನಿಗೆ ತಲುಪಲಿ ಎಂಬ ಕಾಳಜಿ ಅದು. ಕೆಲಸಗಾರನ ಮಾತು ಕಂಪನಿಗೆ ಯಾವ ಭಾಷೆಯಲ್ಲಿ ತಲುಪಬೇಕು ಎಂಬುದಕ್ಕೆ ಆ ಕಲಮಿನಲ್ಲಿ ಜಾಗವಿಲ್ಲ.

ಇದರಿಂದ ಯಾರಿಗೆ ಏನು ನಷ್ಟ? ಟ್ರೇನಿಯ ಪಾಲಿಗೆ ಇದು ಕಾಯಂ ಆಗುವ, ಆಗದಿರುವ ಪ್ರಶ್ನೆ. ಹತ್ತು ಜನರಲ್ಲಿ ಮೂವರನ್ನು ಉಳಿಸಿಕೊಳ್ಳುವಾಗ ಸೂಪರ್‌ವೈಸರಿಗೆ ಹೆಸರು ನೆನಪಿರುವ ಮೂವರೇ ಉಳಿಯುತ್ತಾರೆ. ಉಳಿದವರು ಊರಿಗೋ ಚಾಕಣಕ್ಕೋ ಇನ್ನೊಂದು ಟ್ರೇನಿ ಬ್ಯಾಡ್ಜಿಗೋ ಹೋಗುತ್ತಾರೆ. ಕಂಪನಿಗೂ ನಷ್ಟವಿದೆ. ಯಂತ್ರದ ಸದ್ದು ನಿನ್ನೆಯಿಂದ ಬೇರೆಯಾಗಿದೆ ಎಂಬುದು ಅದರ ಮುಂದೆ ಎಂಟು ತಾಸು ನಿಲ್ಲುವವನಿಗೆ ಮೊದಲು ಗೊತ್ತಾಗುತ್ತದೆ. ಅವನ ಬಾಯಿಂದ ಅದು ಹೊರಡದಿದ್ದರೆ ನಾಳೆ ಪೆಟ್ಟಾಗುವುದು ಯಾರದೋ ಕೈಗೆ.

ಇದಕ್ಕೆ ಎದುರು ವಾದ ನನಗೆ ಗೊತ್ತಿದೆ, ಅದರಲ್ಲಿ ಹುರುಳೂ ಇದೆ. ಕೆಲಸವೆಂಬುದು ನಾಲ್ಕು ಜನ ಸೇರಿ ಮಾಡುವಂಥದ್ದು. ಬಾಯಿಬಿಟ್ಟು ಹೇಳದಿದ್ದರೆ ಮನಸ್ಸಿನಲ್ಲಿರುವುದು ತಿಳಿಯುವುದು ಹೇಗೆ? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ಹಿರಿಯರು ಹೇಳಿದ್ದು ಸುಮ್ಮನೆಯಲ್ಲ. ಮೌನವನ್ನು ಒಂದು ಸದ್ಗುಣವೆಂದು ಪೂಜಿಸುವುದರಲ್ಲಿ ನನಗೂ ಆಸಕ್ತಿಯಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ, ನಿಜ. ಪೂರ್ತಿ ಖಾಲಿ ಇರುವ ಕೊಡವೂ ತುಳುಕುವುದಿಲ್ಲ. ಸದ್ದು ಕೇಳಿ ಕೊಡದ ಅಳತೆ ಹೇಳಲಾಗದು, ಸದ್ದಿಲ್ಲದ್ದನ್ನು ಕೇಳಿಯೂ ಹೇಳಲಾಗದು. ಬಗ್ಗಿ ನೋಡಬೇಕು. ನನ್ನ ತಕರಾರು ಇರುವುದು ಬಗ್ಗಿ ನೋಡುವ ಆ ಕೆಲಸವನ್ನೇ ಕೈಬಿಟ್ಟು, ಅದಕ್ಕೆ ವಿಸಿಬಿಲಿಟಿ ಎಂದು ಹೆಸರಿಟ್ಟು, ಕೊಡದ ಮೇಲೇ ಹೊರಿಸಿದ್ದಕ್ಕೆ.

ಆಶ್ಚರ್ಯದ ಸಂಗತಿಯೆಂದರೆ, ಮಾತಾಡದೆ ಕಾಣುವ ವಿದ್ಯೆಯನ್ನು ಕಾರ್ಖಾನೆಗಳೇ ಜಗತ್ತಿಗೆ ಕಲಿಸಿವೆ. ಜಪಾನಿನ ಸಾಕಿಚಿ ಟೊಯೊಡಾ ನೂರು ವರ್ಷದ ಹಿಂದೆ ಒಂದು ಮಗ್ಗ ಮಾಡಿದ. ನೂಲು ಹರಿದರೆ ಅದು ತಾನಾಗಿ ನಿಂತುಬಿಡುತ್ತಿತ್ತು. ಯಾರೂ ಕೂಗಬೇಕಾಗಿರಲಿಲ್ಲ, ನಿಂತ ಮಗ್ಗವೇ ಸುದ್ದಿ. ಅವನ ಮನೆತನದ ಕಾರು ಕಂಪನಿ ಇದೇ ಯೋಚನೆಯನ್ನು ಮನುಷ್ಯರಿಗೂ ಹಬ್ಬಿಸಿತು. ಲೈನಿನ ಉದ್ದಕ್ಕೂ ಒಂದು ಹಗ್ಗ ಅಥವಾ ಗುಂಡಿ. ತಪ್ಪು ಕಂಡವರು ಎಳೆದರೆ ಮೇಲೆ ದೀಪ ಹತ್ತುತ್ತದೆ, ಬೇಕಾದರೆ ಲೈನು ನಿಲ್ಲುತ್ತದೆ. ಆ್ಯಂಡನ್ ಎಂದು ಹೆಸರಾದ ಈ ಪದ್ಧತಿ ಈಗ ಎಲ್ಲ ದೇಶದ ಕಾರ್ಖಾನೆಗಳಲ್ಲಿದೆ. ಹಗ್ಗ ಎಳೆಯಲು ಹಿಂದಿ ಬೇಡ, ಧೈರ್ಯದ ಭಾಷಣ ಬೇಡ, 200 ಮಿಲಿಸೆಕೆಂಡಿನ ಓಟವೂ ಬೇಡ. ಟೊಯೊಟಾ 1951ರಲ್ಲಿ ಇನ್ನೊಂದು ಪದ್ಧತಿ ಶುರುಮಾಡಿತು: ಕೆಲಸಗಾರರು ಸುಧಾರಣೆಯ ಸಲಹೆಗಳನ್ನು ಚೀಟಿಯಲ್ಲಿ ಬರೆದುಕೊಡುವುದು. ಇವತ್ತು ಕೈಜೆನ್ ಹಾಳೆ ಎಂದು ನಮ್ಮ ಕಾರ್ಖಾನೆಗಳಲ್ಲೂ ಓಡಾಡುವ ಕಾಗದಕ್ಕೆ ಇದೇ ಹಿನ್ನೆಲೆ. ಪಾಳಿ ಮುಗಿದ ಮೇಲೆ, ಕೋಣೆಯಲ್ಲಿ ಕೂತು, ಗೆಳೆಯನ ಹತ್ತಿರ ಹಿಂದಿ ಸರಿಮಾಡಿಸಿಕೊಂಡು, ಸಾವಕಾಶವಾಗಿ ಬರೆಯಬಹುದು. ಯಂತ್ರದ ದೋಷ ಕಾಣಬೇಕೆಂದು ಇಷ್ಟೆಲ್ಲ ದಾರಿ ಮಾಡಿದವರು, ಮನುಷ್ಯನ ಗುಣ ಕಾಣಬೇಕೆಂದಾಗ ಮಾತ್ರ ಮೀಟಿಂಗಿನಲ್ಲಿ ಯಾರು ಮಾತಾಡಿದರು ಎಂದು ನೋಡುತ್ತಾರೆ. ಹಗ್ಗ ಎಳೆದ ಲೆಕ್ಕವೂ ಸಲಹೆಯ ಚೀಟಿಯೂ ಕಚೇರಿಯಲ್ಲೇ ಇರುತ್ತವೆ. ಅಂಕ ಕೊಡುವ ದಿನ ಅವನ್ನು ತೆಗೆದು ನೋಡಿದರಾಯಿತು.

ಮೀಟಿಂಗನ್ನೂ ತಿದ್ದಬಹುದು, ಖರ್ಚಿಲ್ಲದೆ. 2007ರಲ್ಲಿ ಅಮೆರಿಕದಲ್ಲಿ ಜಾನ್ ಹೆರಿಟೇಜ್ ಮತ್ತು ಸಂಗಡಿಗರು ವೈದ್ಯರ ಕೋಣೆಯಲ್ಲಿ ಒಂದು ಪ್ರಯೋಗ ಮಾಡಿದರು. ರೋಗಿ ಒಂದು ತೊಂದರೆ ಹೇಳಿದ ಮೇಲೆ ಕೆಲವು ವೈದ್ಯರು 'ಬೇರೆ ಏನಾದರೂ ಇದೆಯಾ' ಎಂಬ ಧಾಟಿಯಲ್ಲಿ ಕೇಳಿದರು, ಕೆಲವರು 'ಹೇಳಬೇಕಾದ್ದು ಇನ್ನೂ ಇದೆಯಲ್ಲ' ಎಂಬ ಧಾಟಿಯಲ್ಲಿ. ಇಂಗ್ಲಿಷಿನಲ್ಲಿ ವ್ಯತ್ಯಾಸ ಇದ್ದದ್ದು ಒಂದೇ ಪದದಲ್ಲಿ. ಮೊದಲನೆಯದು ಇಲ್ಲ ಎಂಬ ಉತ್ತರವನ್ನು ಎದುರುನೋಡುವ ಪ್ರಶ್ನೆ, ಎರಡನೆಯದು ಇದೆ ಎಂಬ ಉತ್ತರವನ್ನು. ಎರಡನೆಯ ಥರ ಕೇಳಿದಾಗ, ಮನಸ್ಸಿನಲ್ಲಿದ್ದೂ ಹೇಳದೆ ಉಳಿದ ತೊಂದರೆಗಳು 78 ಶೇಕಡಾ ಕಡಿಮೆಯಾದವು. ನಮ್ಮ ಶಿಫ್ಟ್ ಮೀಟಿಂಗಿನ ಕೊನೆಯಲ್ಲಿ ಕೇಳುವ 'ಕುಛ್ ಪ್ರಾಬ್ಲಮ್ ತೋ ನಹೀ ಹೈ ನಾ?' ಎಂಬುದು ಮೊದಲನೆಯ ಜಾತಿಯ ಪ್ರಶ್ನೆ. ನಹೀ ಎಂಬ ಉತ್ತರವನ್ನು ಅದೇ ಒಳಗಿಟ್ಟುಕೊಂಡು ಬಂದಿದೆ. 'ಮೂರನೇ ಸ್ಟೇಷನ್ನಿನಲ್ಲಿ ಇವತ್ತು ಏನೇನು ತೊಂದರೆಯಾಯಿತು, ಹೇಳಪ್ಪ' ಎಂದು ಅಲ್ಲಿ ನಿಂತವನ ಹೆಸರು ಹಿಡಿದು ಕೇಳಿ ನೋಡಿ. ಓಟದ ಪಂದ್ಯ ಅಲ್ಲಿಗೆ ರದ್ದಾಗುತ್ತದೆ, ಸರದಿ ಅವನದಾಗುತ್ತದೆ.

ಕೇಳಿದ ಮೇಲೆ ಕಾಯಬೇಕು. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ಶಾಲೆಯ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಕಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಅದುವರೆಗೆ ಬಾಯಿಬಿಡದ ಮಕ್ಕಳೂ ಮಾತಾಡಿದರು. ಮಕ್ಕಳ ಸ್ವಭಾವವನ್ನು ಯಾರೂ ಬದಲಿಸಿರಲಿಲ್ಲ.

ಮುಂದಾಳು ಎಂದರೆ ಗಟ್ಟಿದನಿಯವನೇ ಆಗಬೇಕು ಎಂಬ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸಬೇಕು. 2011ರಲ್ಲಿ ಆ್ಯಡಂ ಗ್ರ್ಯಾಂಟ್, ಫ್ರಾನ್ಸೆಸ್ಕಾ ಜೀನೊ, ಡೇವಿಡ್ ಹಾಫ್‌ಮನ್ ಅಮೆರಿಕದ ಒಂದು ಪಿಜ್ಜಾ ಸರಣಿಯ ಅಂಗಡಿಗಳನ್ನು ಹೋಲಿಸಿದರು. ಕೆಲಸಗಾರರು ಹೇಳಿದಷ್ಟೇ ಮಾಡುವವರಾಗಿದ್ದ ಕಡೆ ಮಾತುಗಾರ ಮ್ಯಾನೇಜರನಿಂದ ಲಾಭ ಹೆಚ್ಚು. ಕೆಲಸಗಾರರು ತಾವೇ ಯೋಚಿಸಿ ಸಲಹೆ ಕೊಡುವವರಾಗಿದ್ದ ಕಡೆ ಮಿತಭಾಷಿ ಮ್ಯಾನೇಜರನಿಂದ ಲಾಭ ಹೆಚ್ಚು. ಕೈಜೆನ್ ಹಾಳೆ ಹಂಚುವ ಕಂಪನಿಗಳು ತಮ್ಮ ಕೆಲಸಗಾರರು ಎರಡನೆಯ ಥರದವರಾಗಲಿ ಎಂದು ತಾನೇ ಬಯಸುವುದು?

ನನ್ನ ಕಸುಬಿನಿಂದಲೂ ಒಂದು ಉದಾಹರಣೆ. ಅನುವಾದಕರದು ಕಾಣದೆ ಉಳಿಯುವ ವೃತ್ತಿ. ಓದುಗರಿಗೆ ನಮ್ಮ ನೆನಪಾಗುವುದು ಏನಾದರೂ ಎಡವಿದಾಗ. ಹೀಗಿರುವಾಗ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ 2016ರಿಂದ ಒಂದು ನಿಯಮ ಮಾಡಿಕೊಂಡಿತು: ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ ಬಹುಮಾನ, 50,000 ಪೌಂಡಿನ ಆ ಹಣ ಲೇಖಕರಿಗೂ ಅನುವಾದಕರಿಗೂ ಸಮಪಾಲು. 2025ರಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅದು ಬಂದಾಗ ಬಾನು ಮುಷ್ತಾಕ್ ಅವರ ಜೊತೆ ದೀಪಾ ಭಾಸ್ತಿ ಅವರ ಹೆಸರೂ ಕನ್ನಡದ ಮನೆಮನೆಗೆ ತಲುಪಿತು. ಅವರ ಕೆಲಸ ದೊಡ್ಡದು, ಅದರಲ್ಲಿ ಮಾತಿಲ್ಲ. ಆದರೆ ಅಷ್ಟೇ ದೊಡ್ಡ ಕೆಲಸ ಮಾಡಿದ ಎಷ್ಟೋ ಅನುವಾದಕರ ಹೆಸರು ಹಿಂದೆ ಒಳಪುಟದ ಸಣ್ಣ ಅಕ್ಷರದಲ್ಲೇ ಉಳಿದಿತ್ತು. ಆ ಅನುವಾದಕರು ವಿಸಿಬಿಲಿಟಿ ಹೆಚ್ಚಿಸಿಕೊಳ್ಳಲಿಲ್ಲವೆಂದು ಹೀಗಾದದ್ದಲ್ಲ. ನೋಡುವವರು ಎಲ್ಲಿ ನೋಡಬೇಕೆಂದು ನಿಯಮ ಬದಲಾದ ಮೇಲೆ ಕಾಣತೊಡಗಿತು, ಅಷ್ಟೆ.

ಸುಮ್ಮನಿರುವವರಿಗೂ ಒಂದು ಮಾತು ಹೇಳುವುದು ನ್ಯಾಯ. ನಿಯಮ ಬದಲಾಗುವವರೆಗೆ ಸಂಸಾರ ಕಾಯುವುದಿಲ್ಲ. ವ್ಯಕ್ತಿತ್ವ ವಿಕಸನದ ಕ್ಲಾಸಿಗೆ ಹಣ ಕಟ್ಟುವ ಮೊದಲು ಒಂದು ಇನ್ನೂರು ಪುಟದ ನೋಟುಬುಕ್ಕು ತನ್ನಿ. ವಾರಕ್ಕೆ ಮೂರು ಸಾಲು ಬರೆಯಿರಿ: ಏನು ಕೆಡುವುದಿತ್ತು, ನೀವು ಏನು ಮಾಡಿದಿರಿ, ಎಷ್ಟು ಉಳಿಯಿತು. ತಾರೀಖು ಹಾಕಿ. ಕನ್ನಡದಲ್ಲೇ ಬರೆಯಿರಿ, ತಿಂಗಳಿಗೊಮ್ಮೆ ಯಾರಿಂದಲಾದರೂ ಹಿಂದಿಗೋ ಇಂಗ್ಲಿಷಿಗೋ ಮಾಡಿಸಿ ವಾಟ್ಸಾಪಿನಲ್ಲಿ ಸೂಪರ್‌ವೈಸರಿಗೆ ಕಳಿಸಿ. ಇದು ಜಂಬವಲ್ಲ, ಲೆಕ್ಕ ಒಪ್ಪಿಸುವುದು.

ಮೇಲಿನವರಿಗೆ ಹೇಳುವುದನ್ನು ವಾಲ್ಮೀಕಿಯ ಒಂದು ಪದದಿಂದ ಹೇಳಬಹುದು. ರಾಮನ ಗುಣಗಳ ಪಟ್ಟಿಯಲ್ಲಿ 'ಪೂರ್ವಭಾಷಿ' ಎಂಬುದೊಂದಿದೆ. ಎದುರಿನವರು ಮಾತಾಡಿಸಲಿ ಎಂದು ಕಾಯದೆ ತಾನೇ ಮೊದಲು ಮಾತಾಡಿಸುವವನು. ರಾಜಕುಮಾರನಾಗಿಯೂ ಹಾಗೆ ಇದ್ದ ಎಂಬುದಕ್ಕೇ ಅದು ಗುಣವೆನಿಸಿತು, ಏಕೆಂದರೆ ಮಾತು ತೆಗೆಯುವ ಸಂಕೋಚ ಯಾವಾಗಲೂ ಕೆಳಗೆ ನಿಂತವರದು. ಅಪ್ರೈಸಲ್ ಫಾರಮಿನಲ್ಲಿ ವಿಸಿಬಿಲಿಟಿಯ ಕಲಮು ಇರಲೇಬೇಕು ಎನ್ನುವುದಾದರೆ ಅದನ್ನು ಸೂಪರ್‌ವೈಸರನ ಫಾರಮಿಗೆ ವರ್ಗಾಯಿಸಿ. ಈ ವರ್ಷ ನಿಮ್ಮ ಲೈನಿನಲ್ಲಿ ಎಷ್ಟು ಜನರ ಕೆಲಸವನ್ನು ನೀವು ಕಂಡಿರಿ, ಯಾರು ಯಾರನ್ನು, ಏನು ಕಂಡಿರಿ ಎಂದು ಹೆಸರು ಸಮೇತ ಬರೆಯಿರಿ ಅಂತ. ಖಾಲಿ ಉಳಿದ ಸಾಲುಗಳಿಗೆ ಅಂಕ ಕಡಿತವಾಗಬೇಕಾದ್ದು ಅವರದು.